ಗಂಟಲಿನ ಮೇಲೊಂದು ಕಣ್ಣು

ಬಂಗಾರಪೇಟೆ ಸ್ಟೇಷನ್

ನನ್ನ ಭಾವ ಮುನಿವೆಂಕಟಪ್ಪ ಕುಡಿತ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಅವರನ್ನು ಜರ್ಮನಿಯ ಒಂದು ವೈನ್ ಕಣಿವೆಗೆ ಕರೆದುಕೊಂಡು ಹೋಗಿ, ಅಲ್ಲಿ ಐದು ದಿನ ವೈನ್ ರುಚಿ ನೋಡಿಸಿ, ಒಂದು ಗುಟುಕೂ ಒಳಗೆ ಇಳಿಯದಂತೆ ಕಾದು ವಾಪಸು ಕರೆತರುವ ಕೆಲಸ ನನ್ನ ಪಾಲಿಗೆ ಬಂತು.

ಭಾವನದು ಕಾಮಸಮುದ್ರದ ಕಡೆಯ ಹಳ್ಳಿ. ಮೂರು ಎಕರೆ ದ್ರಾಕ್ಷಿ, ನಾಲ್ಕು ಸೀಮೆಹಸು. ಅವರ ಹಣ್ಣು ಕೊಳ್ಳುವ ವೈನ್ ಕಾರ್ಖಾನೆಯವರಿಗೆ ಚಳಿಸೀಮೆಯ ಒಂದು ಬಿಳಿ ದ್ರಾಕ್ಷಿಯನ್ನು ನಮ್ಮ ಕಡೆ ಬೆಳೆಸಿ ನೋಡುವ ಆಸೆ. ಬಳ್ಳಿ ಹೇಗಿರುತ್ತದೆ, ರಸ ಎಂಥದ್ದು ಎಂದು ಬೆಳೆಗಾರನೊಬ್ಬ ಕಣ್ಣಾರೆ ಕಂಡು, ನಾಲಿಗೆಯಾರೆ ತಿಳಿದು ಬರಲಿ ಎಂದು ಭಾವನನ್ನು ಆರಿಸಿದ್ದರು. ಜತೆಗೆ ಒಬ್ಬ ಪತ್ರಕರ್ತನಿಗೂ ಜಾಗವಿತ್ತು. ಇಪ್ಪತ್ತಾರು ವರ್ಷದಿಂದ ಕೆಜಿಎಫ್‌ನಿಂದ ವರದಿ ಕಳಿಸುತ್ತಿರುವ ನನ್ನನ್ನು ನಮ್ಮ ಪತ್ರಿಕೆ ಹೆಸರಿಸಿತು. ಇದು ಕಾಕತಾಳೀಯವಲ್ಲ. ತಮ್ಮ ಹೋಗದಿದ್ದರೆ ಗಂಡನನ್ನೂ ಕಳಿಸುವುದಿಲ್ಲ ಎಂದು ನನ್ನ ಅಕ್ಕ ರತ್ನಮ್ಮ ಕಾರ್ಖಾನೆಯವರ ಮುಖಕ್ಕೇ ಹೇಳಿದ್ದಳು.

ಅವಳ ಹಟಕ್ಕೆ ಕಾರಣವಿದೆ. ಭಾವ ಒಂದು ಕಾಲಕ್ಕೆ ರಾಜ್ಯದ ಗಡಿ ದಾಟಿ ಹೋಗಿ ಸೇಂದಿ ಕುಡಿಯುತ್ತಿದ್ದರು. ಸೇಂದಿ ಸಿಗದ ದಿನ ಸಿಕ್ಕಿದ್ದನ್ನು ಕುಡಿಯುತ್ತಿದ್ದರು. ಒಂದು ಸಂಜೆ ಹಾಲಿನ ಕ್ಯಾನಿನ ಜತೆ ಮಗಳನ್ನೂ ಮೊಪೆಡ್ ಮೇಲೆ ಕೂರಿಸಿಕೊಂಡು ಡೈರಿಗೆ ಹೊರಟವರು ಕೆರೆ ಏರಿಯ ತಿರುವಿನಲ್ಲಿ ಕೆಳಗೆ ಉರುಳಿದರು. ಮಗುವಿನ ಬಲಗೈ ಮುರಿಯಿತು. ಅದು ಈಗಲೂ ಪೂರ್ತಿ ನೆಟ್ಟಗಾಗುವುದಿಲ್ಲ. ಮಾರನೆಯ ದಿನ ಭಾವ ಒದ್ದೆ ಬಟ್ಟೆಯಲ್ಲಿ ಮುನೇಶ್ವರನ ಮುಂದೆ ನಿಂತು, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡಿದರು. ಆ ಗುಡಿಯಲ್ಲಿ ಕರ್ಪೂರ ಆರಿಸಿ ಆಡಿದ ಮಾತಿಗೆ ತಪ್ಪಿದವರನ್ನು ಊರು ಮರೆಯುವುದಿಲ್ಲ.

ಪ್ರಯಾಣ ಗೊತ್ತಾದ ಮೇಲೆ ಅಕ್ಕನೇ ಪೂಜಾರಿಯ ಬಳಿ ಹೋಗಿ ಕೇಳಿಕೊಂಡು ಬಂದಳು. ತೀರ್ಪನ್ನು ನನಗೆ ಪ್ಲಾಟ್‌ಫಾರ್ಮಿನಲ್ಲಿ, ಬೆಂಗಳೂರಿನ ರೈಲು ಕಾಯುತ್ತಿರುವಾಗ ತಿಳಿಸಿದಳು.

"ಬಾಯಿಗ್ ಓದ್ರೆ ತಪ್ಪಿಲ್ವಂತೆ, ಗಂಟ್ಲಿಗ್ ಇಳುದ್ರೆ ತಪ್ಪಂತೆ. ಅಲ್ಲಿ ಬಾಯಿಗ್ ಉಯ್ಕಂಡು ಉಗುಳ್ತಾರಂತಲ್ಲ, ಅಂಗೇ ಉಗುಳ್ಲಿ. ನೀನು ಅವ್ರ ಗಂಟ್ಲು ನೋಡ್ತಿರು ಸಂಕ್ರ. ಕಂಡಿದ್ದ ಕಂಡಂಗೆ ದಿನಾ ನಂಗೆ ಯೋಳ್ಬೇಕು. ಪೇಪರ್ನೋನು ನೀನು, ಸುಳ್ಳು ಬರ್ಯಕ್ಕಿಲ್ಲ."

"ನೋಡ್ದಾ," ಎಂದರು ಭಾವ ನನ್ನ ಕಡೆ ತಿರುಗಿ. "ನನ್ನ ಓರಿ ಮಾಡಿ ಮೂಗುದಾರ ನಿನ್ ಕೈಗ್ ಕೊಟ್ಟವ್ಳೆ."

ಅಕ್ಕ ನಗಲಿಲ್ಲ. ಆಮೇಲೆ ವಿಮಾನದಲ್ಲಿ ಊಟದ ಜತೆ ಪುಟ್ಟ ಬಾಟಲಿಯೊಂದು ಭಾವನ ತಟ್ಟೆಗೆ ಬಂದಾಗ ನಾನು ಎಷ್ಟು ಬೇಗ ಕೈಚಾಚಿ ಎತ್ತಿಕೊಂಡೆನೆಂದರೆ, ಆಚೆ ಸೀಟಿನ ಹೆಂಗಸು ತನ್ನ ಬಾಟಲಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಎರಡನ್ನೂ ನಾನೇ ಕುಡಿದೆ, ನನ್ನದನ್ನೂ ಭಾವನದನ್ನೂ.

ಮೊದಲ ದಿನ: ಬಕೆಟ್ಟು

ಮೊಸೆಲ್ ಒಂದು ನದಿ. ಅಂಕುಡೊಂಕಾಗಿ ಹರಿಯುತ್ತದೆ. ಪ್ರತಿ ತಿರುವಿನಲ್ಲೂ ಒಂದು ಹಳ್ಳಿ, ಹಳ್ಳಿಯ ಬೆನ್ನಿಗೆ ಕಡಿದಾದ ಗುಡ್ಡ, ಗುಡ್ಡದ ತುಂಬ ದ್ರಾಕ್ಷಿ. ನಾವು ಇಳಿದುಕೊಂಡ ಹಳ್ಳಿಯಲ್ಲಿ ಬೆಳಗಿನ ಮಂಜು ಹತ್ತು ಗಂಟೆಯಾದರೂ ನೀರಿನ ಮೇಲಿಂದ ಏಳುತ್ತಿರಲಿಲ್ಲ. ಸೆಪ್ಟೆಂಬರ್ ಕೊನೆ, ಕೊಯ್ಲಿನ ಕಾಲ. ಹಿಂಡಿದ ರಸ ಮನೆಮನೆಯ ನೆಲಮಾಳಿಗೆಯಲ್ಲಿ ಉಕ್ಕುತ್ತಿತ್ತು. ಬಸ್ಸಿಳಿದ ಕೂಡಲೇ ಭಾವ ಮೂಗು ಎತ್ತಿದರು. ನನಗೂ ತಿಳಿಯಿತು. ಊರಿಗೆ ಊರೇ ಸೇಂದಿ ಅಂಗಡಿಯ ವಾಸನೆ ಹೊಡೆಯುತ್ತಿತ್ತು.

"ಇಲ್ಲಿ ಐದ್ ದಿನ ಉಸ್ರು ಬಿಗಿ ಇಡ್ಕಂಡಿರ್ಬೇಕು," ಎಂದರು.

ನಮಗೆ ದುಭಾಷಿಯಾಗಿ ಸಿಕ್ಕವಳು ಸೆಲ್ವಿ. ನಮ್ಮ ಕೆಜಿಎಫ್‌ನ ಉರಿಗಾಂ ಕಡೆಯ ಹುಡುಗಿ, ತಾತ ಗಣಿಯಲ್ಲಿದ್ದವರು. ಇಲ್ಲಿ ವೈನ್ ತಯಾರಿಕೆ ಓದುತ್ತಿದ್ದಾಳೆ. ನಮ್ಮನ್ನು ಕಂಡವಳೇ ಕನ್ನಡ, ತಮಿಳು ಎರಡನ್ನೂ ಒಟ್ಟಿಗೆ ಸುರಿದಳು. "ವಾಂಗಣ್ಣಾ, ಬನ್ನಿ ಬನ್ನಿ, ಚಳಿ ಹೆಂಗೈತೆ? ಮಂಕಿ ಕ್ಯಾಪ್ ಹಾಕ್ಕೊಂಡ್ ಬಂದಿದ್ದೀರ, ನಮ್ಮೂರೇ ಬಂದಂಗಾಯ್ತು!"

ಭಾವ ಮಂಕಿ ಕ್ಯಾಪಿನ ಜತೆ ಅಕ್ಕ ಕಟ್ಟಿಕೊಟ್ಟ ಉಣ್ಣೆಯ ಮಫ್ಲರನ್ನೂ ಕೊರಳಿಗೆ ಮೂರು ಸುತ್ತು ಸುತ್ತಿದ್ದರು. ಇದರಿಂದ ಆಗುವ ತೊಂದರೆ ನನಗೆ ಹೊಳೆದದ್ದು ಮೊದಲ ರುಚಿಯ ಮೇಜಿಗೆ ಕೂತಾಗ. ಗಂಟಲೇ ಕಾಣುತ್ತಿರಲಿಲ್ಲ. ಗಲ್ಲದಿಂದ ಎದೆಯವರೆಗೆ ಬರೀ ಉಣ್ಣೆ.

"ಭಾವ, ಮಫ್ಲರ್ ತೆಗೀರಿ."

"ಚಳಿ ಕಣ್ಲಾ."

"ಒಳಗೆ ಚಳಿ ಇಲ್ಲ."

"ನಿಂಗಿಲ್ಲ. ನಂಗೈತೆ."

ಆ ಮೇಜಿನ ಯಜಮಾನ ಮೂವತ್ತು ದಾಟದ ಯುವಕ. ಲೋಟದ ತಳದಲ್ಲಿ ಎರಡು ಬೆರಳು ವೈನ್ ಸುರಿದ. ಇಲ್ಲಿಯವರು ಅದನ್ನು ಕೂಡಲೇ ಕುಡಿಯುವುದಿಲ್ಲ. ಲೋಟ ತಿರುಗಿಸಿ, ಮೂಗು ಒಳಗಿಟ್ಟು, ಊದುಗೊಳವೆ ಹಿಡಿದವರಂತೆ ಬಾಗಿ ಸುಮ್ಮನಾಗುತ್ತಾರೆ. ಯಾರೂ ಮಾತಾಡುವುದಿಲ್ಲ. ನಮ್ಮಲ್ಲಿ ಲೋಟ ಎತ್ತಿದ ಮೇಲೆ ಮಾತು ಶುರುವಾಗುತ್ತದೆ, ಇಲ್ಲಿ ನಿಲ್ಲುತ್ತದೆ.

ಭಾವ ಬಲಗೈಯ ಬೆರಳನ್ನು ಲೋಟದ ಕಡೆ ತಂದು ಚಟಕ್ಕನೆ ಹಿಂದೆ ತೆಗೆದುಕೊಂಡರು. ನನಗೆ ಆ ಬೆರಳು ಗೊತ್ತು. ನಮ್ಮ ಕಡೆ ಕುಡಿಯುವವರು ಮೊದಲು ಬೆರಳದ್ದಿ ಮೂರು ಹನಿ ನೆಲಕ್ಕೆ ಚಿಮುಕಿಸುತ್ತಾರೆ, ಸತ್ತ ಹಿರಿಯರಿಗೆಂದು. ಯಾಕೆ ಹಿಂದೆ ತೆಗೆದಿರಿ ಎಂದು ಕೇಳಿದೆ.

"ಉಗುಳೋದಕ್ಕೆ ಎಡೆ ಇಡ್ತಾರೇನ್ಲಾ? ಅವ್ರಿಗೆ ಅಂತ ಬಿಟ್ಮೇಲೆ ಮಿಕ್ಕಿದ್ದ ನಾವು ಕುಡೀಲೇಬೇಕು. ಉಗುಳುದ್ರೆ ಅವ್ರ ಮೊಕುಕ್ಕೆ ಉಗುಳ್ದಂಗೆ."

ಇದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ವಾರದ ಪುರವಣಿಗೆ ಒಳ್ಳೆಯ ಸಾಲು ಎಂದುಕೊಂಡೆ, ಅಷ್ಟೆ.

ಉಗುಳಲೆಂದು ಮೇಜಿನ ಮೇಲಿಟ್ಟಿದ್ದ ಬಕೆಟ್ಟು ಕಲಾಯಿ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಯಜಮಾನ ಅದನ್ನು ಗಲ್ಲದ ಹತ್ತಿರ ಹಿಡಿದು ನಾಜೂಕಾಗಿ ಉಗುಳಿ ತೋರಿಸಿದ. ಭಾವ ಕುರ್ಚಿಯಿಂದ ಅಲುಗದೆ, ಎರಡು ಮೊಳ ದೂರದಿಂದ, ಒಂದೇ ಎಳೆಯಾಗಿ ಬಕೆಟ್ಟಿನ ನಡುವಿಗೆ ಬಿಟ್ಟರು. ಒಂದು ಹನಿ ಆಚೆ ಈಚೆ ಇಲ್ಲ. ನಲವತ್ತು ವರ್ಷ ಎಲೆಯಡಿಕೆ ಹಾಕಿದ ಬಾಯಿ. ಯಜಮಾನ ಚಪ್ಪಾಳೆ ತಟ್ಟಿದ. ಸೆಲ್ವಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು.

ಮೂರನೆಯ ಲೋಟಕ್ಕೆ ಭಾವನ ಮುಖ ಬಿಗಿಯಿತು. ಅದು ಹಳೆಯ ಬಾಟಲಿ, ರೀಸ್ಲಿಂಗ್ ಎಂಬ ಇಲ್ಲಿಯ ಬಿಳಿ ದ್ರಾಕ್ಷಿಯದು. ಮೂಸಿದರು, ಮತ್ತೆ ಮೂಸಿದರು, ನನ್ನ ಕಿವಿಗೆ ಬಾಗಿದರು.

"ಸೀಮೆಎಣ್ಣೆ ಸೇರ್ಸವ್ನೆ ಕಣ್ಲಾ ಇವ್ನು. ಮುಟ್ಬ್ಯಾಡ."

ಮೂಸಿದೆ. ನಿಜ, ರೇಷನ್ ಅಂಗಡಿಯ ಡಬ್ಬದ ವಾಸನೆ. ಕಲಬೆರಕೆ ಕುಡಿದು ಕಣ್ಣು ಕಳೆದುಕೊಂಡವರ ಸುದ್ದಿಯನ್ನು ಬರೆದವನು ನಾನು. ಲೋಟ ಕೆಳಗಿಟ್ಟೆ. ಇದನ್ನು ಹೇಗೆ ಕೇಳುವುದೆಂದು ತಿಳಿಯದೆ ಸೆಲ್ವಿಗೆ ಪಿಸುಗುಟ್ಟಿದೆ. ಅವಳು ಗಟ್ಟಿಯಾಗಿಯೇ ಯಜಮಾನನಿಗೆ ಹೇಳಿಬಿಟ್ಟಳು. ಅವನು ಎದ್ದು ಬಂದು ಭಾವನ ಕೈ ಕುಲುಕಿದ. ಈ ದ್ರಾಕ್ಷಿಯ ರಸ ವರ್ಷಗಟ್ಟಲೆ ಬಾಟಲಿಯಲ್ಲಿ ಕೂತರೆ ಆ ವಾಸನೆ ತಾನಾಗಿ ಬರುತ್ತದಂತೆ. ಅದನ್ನು ಹಿಡಿಯಲು ಇಲ್ಲಿ ಓದುವವರಿಗೆ ಒಂದು ವರ್ಷ ಬೇಕಂತೆ.

ಮಧ್ಯಾಹ್ನ ಎರಡಕ್ಕೆ ಅಕ್ಕನಿಗೆ ಫೋನ್ ಮಾಡಿದೆ. ನಮ್ಮೂರಲ್ಲಿ ಆಗ ಐದೂವರೆ, ಅವಳು ಡೈರಿಗೆ ಹಾಲು ಹಾಕಿ ಬರುವ ಹೊತ್ತು.

"ಗಂಟ್ಲು?" ಎಂದಳು. ಬೇರೇನೂ ಕೇಳಲಿಲ್ಲ.

"ಇಳೀಲಿಲ್ಲ," ಎಂದೆ. ಮಫ್ಲರಿನ ವಿಷಯ ಹೇಳಲಿಲ್ಲ.

ಎರಡನೆಯ ದಿನ, ಗುಡ್ಡದ ಮೇಲೆ

ಇಲ್ಲಿಯ ಬಸ್ಸು ಒಂಬತ್ತು ಹದಿನೇಳಕ್ಕೆ ಎಂದರೆ ಒಂಬತ್ತು ಹದಿನೇಳಕ್ಕೆ. ಕಾಮಸಮುದ್ರದ ಬಸ್ಸು ಡ್ರೈವರ್ ಟೀ ಕುಡಿದು ಮುಗಿಸಿದಾಗ ಹೊರಡುತ್ತದೆ. ನಾವು ಡ್ರೈವರ್ ಎಲ್ಲಿ ಎಂದು ನೋಡುತ್ತಿರುವಾಗಲೇ ಬಸ್ಸು ಹೋಯಿತು. ಗುಡ್ಡದ ಬುಡಕ್ಕೆ ನಡೆದೇ ಹೋದೆವು.

ಮೇಲಕ್ಕೆ ಹೋಗಲು ಒಂಟಿ ಹಳಿಯ ಪುಟ್ಟ ಗಾಡಿ. ಎಂಜಿನ್ನಿನ ಹಿಂದೆ ಒಂದು ತೊಟ್ಟಿಲಿನಂಥ ಸೀಟು. ಹತ್ತಿ ಕೂತರೆ ಬೆನ್ನು ನೆಲಕ್ಕೆ, ಮುಖ ಆಕಾಶಕ್ಕೆ. ನಮ್ಮಪ್ಪ ಕೆಜಿಎಫ್‌ನ ಮೈಸೂರು ಮೈನ್ಸ್ ಚಿನ್ನದ ಗಣಿಯಲ್ಲಿ ಪಂಜರದಂಥ ತೊಟ್ಟಿಲಲ್ಲಿ ನೆಲದೊಳಕ್ಕೆ ಇಳಿಯುತ್ತಿದ್ದರು. ಇಳಿಯುವಾಗ ಮೊದಲ ಹತ್ತು ಕ್ಷಣ ಹೊಟ್ಟೆ ಬಾಯಿಗೆ ಬರುತ್ತದೆ ಎನ್ನುತ್ತಿದ್ದರು. ಮೇಲೇರುವಾಗಲೂ ಬರುತ್ತದೆ ಎಂದು ನಾನೀಗ ಹೇಳಬಲ್ಲೆ.

ಗುಡ್ಡದಲ್ಲಿ ಮಣ್ಣೇ ಇಲ್ಲ. ಕಪ್ಪು ಪದರಗಲ್ಲಿನ ಚೂರುಗಳು, ಕಾಲಿಟ್ಟಲ್ಲೆಲ್ಲ ಸರಸರ ಜಾರುತ್ತವೆ. ಈ ಕಲ್ಲು ಹಗಲು ಬಿಸಿಲು ಕುಡಿದು ರಾತ್ರಿ ಬಳ್ಳಿಗೆ ಬಿಸಿ ಕೊಡುತ್ತದಂತೆ. ಇಷ್ಟು ಚಳಿಯಲ್ಲೂ ಹಣ್ಣು ಮಾಗುವುದು ಹಾಗೆ. ಭಾವ ಒಂದು ಚೂರೆತ್ತಿ ಮಂಕಿ ಕ್ಯಾಪಿಗೆ ಉಜ್ಜಿ ನಾಲಿಗೆಗೆ ತಾಗಿಸಿದರು.

"ಬಳಪ!" ಎಂದರು. "ನಿನ್ನೆ ಆ ಎರಡ್ನೇ ಲೋಟದಾಗೆ ಏನೋ ಐತೆ, ಏನೋ ಐತೆ ಅಂತಿದ್ನಲ್ಲ, ಇದೇ ಕಣ್ಲಾ. ಸ್ಲೇಟಿಗೆ ತೊಂಡೆಸೊಪ್ಪು ಉಜ್ಜಿ, ಬಳಪ ತಿಂದಂಗೆ."

ನಮ್ಮಲ್ಲಿ ದ್ರಾಕ್ಷಿಗೆ ಚಪ್ಪರ. ಇಲ್ಲಿ ಒಂದೊಂದು ಬಳ್ಳಿಗೂ ಒಂದೊಂದು ಗೂಟ. "ಹಸ ಕಟ್ದಂಗೆ ಕಟ್ಟವ್ರೆ," ಎನ್ನುತ್ತ ಭಾವ ಸಾಲಿನಲ್ಲಿ ಹೋದರು. ಒಂದು ಕಡೆ ಕಟ್ಟು ಬಿಚ್ಚಿ ಬಳ್ಳಿ ಜೋತುಬಿದ್ದಿತ್ತು. ಹಣ್ಣು ಕಲ್ಲಿಗೆ ತಾಗುತ್ತಿತ್ತು. ಬಗ್ಗಿ, ಎತ್ತಿ, ನಮ್ಮ ಚಪ್ಪರಕ್ಕೆ ಹಾಕುವ ಗಂಟನ್ನೇ ಹಾಕಿ ಬಿಗಿದರು. ಮೇಲಿನ ಸಾಲಿನಿಂದ ಒಬ್ಬ ಮುದುಕಿ ಇದನ್ನು ನೋಡುತ್ತಿದ್ದಳು. ತೋಟ ಅವಳದೇ ಎಂದು ಸೆಲ್ವಿ ಹೇಳಿದಳು. ಹಿಲ್ಡಾ ಎಂದು ಹೆಸರು, ಎಂಬತ್ತು ದಾಟಿದೆ, ಈಗಲೂ ಕೊಯ್ಲಿಗೆ ಬರುತ್ತಾಳೆ. ಮುದುಕಿ ಕೈ ಎತ್ತಿದಳು. ಭಾವ ಕೈ ಮುಗಿದರು.

ಬಿಸಿಲೇರಿ ಭಾವ ಮಫ್ಲರ್ ಬಿಚ್ಚಿದರು. ನಾನು ನೋಡಿದೆ. ನೋಡಿದ್ದನ್ನು ಅವರೂ ನೋಡಿದರು.

"ನಿನ್ನೆಯಿಂದ ನನ್ನ ಮೊಕ ನೋಡಿಲ್ಲ ನೀನು. ಗಂಟ್ಲೇ ನೋಡ್ತೀಯ. ಮಾತಾಡಿದ್ರೂ ಗಂಟ್ಲು, ಉಂಡ್ರೂ ಗಂಟ್ಲು. ಕುರಿ ಕುಯ್ಯೋನು ನೋಡ್ತಾನೆ ಇಂಗೆ."

"ಅಕ್ಕನಿಗೆ ಮಾತು ಕೊಟ್ಟಿದೀನಿ ಭಾವ."

"ಕೊಡು. ನೀನೆಷ್ಟ್ ಉಗುಳ್ದೆ ನಿನ್ನೆ?"

ನಾನು ಲೆಕ್ಕ ಹಾಕಿದೆ. ಭಾವ ಎಷ್ಟು ಸಲ ಉಗುಳಿದರು ಎಂಬುದು ನನ್ನ ಪುಸ್ತಕದಲ್ಲಿತ್ತು, ಒಂಬತ್ತು. ನಾನು ಒಂದು ಸಲವೂ ಉಗುಳಿರಲಿಲ್ಲ. ಅದು ನನಗೆ ಆ ಕ್ಷಣದವರೆಗೆ ಗೊತ್ತೂ ಆಗಿರಲಿಲ್ಲ.

"ಅದೇ ನೋಡು," ಎಂದರು. ನಂತರ ದನಿ ತಗ್ಗಿಸಿದರು. "ಕಷ್ಟ ಐತೆ ಸಂಕ್ರ. ಇಲ್ಲ ಅನ್ನಲ್ಲ. ವಾಸ್ನೆ ಬಂದ್ರೆ ನಾಲ್ಗೆ ಎದ್ದು ಕೂತ್ಕಂತದೆ. ಬಾಯಾಗೆ ಇಟ್ಕಂಡು ಉಗುಳೋದು, ಕುಡೀದಂಗಿರೋದ್ಕಿಂತ ಕಷ್ಟ."

ಆ ಮಾತು ಕೇಳಿದ ಮೇಲೆ ನನ್ನ ಭಯ ಹೆಚ್ಚಾಯಿತು.

ಮೂರನೆಯ ದಿನ: ಹಿಲ್ಡಾ ಅಡುಗೆಮನೆ

ಗಂಟು ಹಾಕಿದವನನ್ನು ಮನೆಗೆ ಕರೆದುಕೊಂಡು ಬಾ ಎಂದು ಹಿಲ್ಡಾ ಸೆಲ್ವಿಗೆ ಹೇಳಿ ಕಳಿಸಿದ್ದಳು. ಹೋದಾಗ ಹನ್ನೆರಡು ಗಂಟೆ. ರುಚಿ ನೋಡುವ ಕೋಣೆಗೆ ಒಯ್ಯಲಿಲ್ಲ, ಸೀದಾ ಅಡುಗೆಮನೆಯಲ್ಲಿ ಕೂರಿಸಿದಳು. ಒಲೆ ಉರಿಯುತ್ತಿತ್ತು. ಭಾವ ಕ್ಯಾಪು, ಮಫ್ಲರ್ ಎರಡನ್ನೂ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಈರುಳ್ಳಿ ಹಾಕಿದ ಒಂದು ರೊಟ್ಟಿಯಂಥದ್ದು, ಬೇಯಿಸಿದ ಆಲೂಗಡ್ಡೆ. ಭಾವ ಎಲ್ಲವನ್ನೂ ತಿಂದರು. ನಮ್ಮ ಕಡೆ ಅಜ್ಜಿಗೆ ಅವ್ವ ಎನ್ನುತ್ತೇವೆ. ಅವರು ಹಿಲ್ಡಾಳನ್ನು ಅವ್ವ ಎಂದೇ ಕರೆದರು, ಅವಳೂ ಓಗೊಟ್ಟಳು.

ಊಟವಾದ ಮೇಲೆ ಅವಳು ಕೆಳಗಿಳಿದು ಹೋಗಿ, ಧೂಳು ಕೂತ ಒಂದು ಬಾಟಲಿ ತಂದಳು. ಚೀಟಿಯಲ್ಲಿ ಅಕ್ಷರ ಅಳಿಸಿತ್ತು. ಚಿಕ್ಕ ಲೋಟಗಳು. ಮೊದಲು ಭಾವನಿಗೆ ಸುರಿದಳು. ಸುರಿಯುತ್ತ ಏನೋ ಹೇಳಿದಳು. ಸೆಲ್ವಿ ಕನ್ನಡಕ್ಕೆ ತಂದಳು.

"ಅಣ್ಣಾ, ಇವರ ಯಜಮಾನ್ರು ಬಳ್ಳಿ ಸವರಿದ ಕೊನೇ ವರ್ಷದ್ದು ಇದು. ಅವರಾದ್ಮೇಲೆ ಆ ಗುಡ್ಡದಾಗೆ ಯಾರೂ ಗಂಟು ಸರಿಯಾಗಿ ಹಾಕಿಲ್ವಂತೆ. ಯೋಹಾನ್ ಅಂತ ಅವರ ಹೆಸರು."

ನಾನು ಬಕೆಟ್ಟಿಗಾಗಿ ಸುತ್ತ ನೋಡಿದೆ. ಇರಲಿಲ್ಲ. ಅದು ಮನೆ, ಅಡುಗೆಮನೆ, ಅಲ್ಲಿ ಯಾಕಿರುತ್ತದೆ? ಒಂದು ಖಾಲಿ ಪಾತ್ರೆ ಕೊಡಿಸು ಎಂದು ಸೆಲ್ವಿಯನ್ನು ಕೇಳಬಹುದಿತ್ತು. ಕೇಳಲು ಬಾಯಿ ಬರಲಿಲ್ಲ. ಉಣ್ಣಿಸಿದ ಮುದುಕಿಯ ಎದುರು, ಉಗುಳಲು ಪಾತ್ರೆ ಕೊಡಿ ಎಂದು ಹೇಗೆ ಕೇಳುವುದು? ನಾನು ಮಾಡಬೇಕಾಗಿದ್ದ ಒಂದೇ ಒಂದು ಕೆಲಸ ಅದಾಗಿತ್ತು.

ಅಷ್ಟರಲ್ಲಿ ಭಾವನ ಬೆರಳು ಲೋಟಕ್ಕೆ ಹೋಗಿಬಿಟ್ಟಿತ್ತು. ಈ ಸಲ ಹಿಂದೆ ಬರಲಿಲ್ಲ. ಸತ್ತವನ ಹೆಸರು ಕಿವಿಗೆ ಬಿದ್ದದ್ದೇ ತಡ, ಅಭ್ಯಾಸದ ಬೆರಳು ಅದ್ದಿ ಎದ್ದು, ಮೂರು ಹನಿಯನ್ನು ಒಲೆಯ ಪಕ್ಕದ ನೆಲಕ್ಕೆ ಚಿಮುಕಿಸಿತ್ತು. "ಯೋಹಾನಪ್ಪ," ಎಂದರು ಭಾವ ಮೆಲ್ಲಗೆ. ಅಂದ ಮೇಲೆ, ತಾನೇನು ಮಾಡಿದೆ ಎಂದು ತಿಳಿದು ಅವರ ಮುಖ ಬಿಳಚಿಕೊಂಡಿತು. ನನ್ನ ಕಡೆ ನೋಡಿದರು. ಎರಡು ದಿನದ ಹಿಂದೆ ಅವರು ಹೇಳಿದ್ದು ನನ್ನ ಜೇಬಿನ ಪುಸ್ತಕದಲ್ಲಿತ್ತು: ಅವರಿಗೆಂದು ಬಿಟ್ಟ ಮೇಲೆ ಮಿಕ್ಕಿದ್ದನ್ನು ಕುಡಿಯಲೇಬೇಕು.

ಹಿಲ್ಡಾ ಇದೇನೆಂದು ಕೇಳಿದಳು. ಸೆಲ್ವಿ ಹೇಳಿದಳು. ಮುದುಕಿ ಸ್ವಲ್ಪ ಹೊತ್ತು ಆ ಮೂರು ಹನಿಗಳನ್ನು ನೋಡಿದಳು. ಆಮೇಲೆ ತಾನೂ ಬೆರಳದ್ದಿ ನೆಲಕ್ಕೆ ಚಿಮುಕಿಸಿ, ಲೋಟ ಎತ್ತಿ ಭಾವನಿಗಾಗಿ ಕಾದಳು.

ನಾನು ಕಂಡದ್ದು ಇಷ್ಟು. ಭಾವ ಲೋಟ ಎತ್ತಿದರು. ಕಣ್ಣು ಮುಚ್ಚಿದರು. ಒಂದೇ ಗುಟುಕು. ಗಂಟಲು ಏರಿತು, ಇಳಿಯಿತು. ಹಿಲ್ಡಾ ಮತ್ತೆ ಸುರಿಯಲು ಬಾಟಲಿ ಬಗ್ಗಿಸಿದಳು. ಭಾವ ಅಂಗೈಯಿಂದ ಲೋಟ ಮುಚ್ಚಿದರು.

ಎರಡು ಗಂಟೆಗೆ ಅಕ್ಕನಿಗೆ ಫೋನ್ ಮಾಡಿದೆ. ಹಿಂದೆ ಹಾಲಿನ ಕ್ಯಾನುಗಳ ಸದ್ದು.

"ಗಂಟ್ಲು?"

"ಎಲ್ಲಾ ಸರಿಯಾಗೈತಕ್ಕ," ಎಂದೆ.

"ಉಂಡ್ರಾ?"

"ಉಂಡ್ರು."

ಭಾವ ಪಕ್ಕದಲ್ಲೇ ನಿಂತಿದ್ದರು. ಸಂಜೆಯ ಕಾರ್ಯಕ್ರಮಕ್ಕೆ ಬರಲಿಲ್ಲ, ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದರು.

ನಾಲ್ಕನೆಯ ದಿನ, ಬೆಳಿಗ್ಗೆ

ಏಳೂವರೆಗೆ ಎದ್ದಾಗ ಪಕ್ಕದ ಮಂಚ ಖಾಲಿ. ಹೊದಿಕೆ ಮಡಿಸಿಟ್ಟಿತ್ತು. ಮಫ್ಲರ್ ಇರಲಿಲ್ಲ, ಚಪ್ಪಲಿ ಇರಲಿಲ್ಲ. ಫೋನ್ ಮಾಡಿದರೆ ಯಾರೊಡನೆಯೋ ಮಾತಿನಲ್ಲಿದ್ದಾರೆ ಎಂಬ ಸದ್ದು.

ಈ ಹಳ್ಳಿಯಲ್ಲಿ ಮನೆಗೊಂದು ವೈನ್ ಅಂಗಡಿ. ಗೇಟಿಗೆ ದ್ರಾಕ್ಷಿ ಗೊಂಚಲಿನ ಫಲಕ ಇದ್ದರೆ ಯಾರು ಬೇಕಾದರೂ ಒಳಗೆ ಹೋಗಬಹುದು. ಮೊದಲ ದಿನ ನನಗೆ ಇದು ಎಷ್ಟು ಚೆಂದದ ಪದ್ಧತಿ ಎನಿಸಿತ್ತು. ಈಗ ಪ್ರತಿ ಫಲಕದ ಮುಂದೆಯೂ ನಿಲ್ಲಬೇಕಾಯಿತು. ಒಂದು ಅಂಗಳಕ್ಕೆ ಇಣುಕಿದೆ: ಪೀಪಾಯಿ ತೊಳೆಯುತ್ತಿದ್ದವನು ಶುಭೋದಯ ಹೇಳಿದ. ಇನ್ನೊಂದಕ್ಕೆ ಇಣುಕಿದೆ: ಒಬ್ಬ ಹೆಂಗಸು ಅರ್ಧ ಹುಳಿಬಂದ, ಮಡ್ಡಿಯಾದ ಹೊಸ ರಸವನ್ನು ಲೋಟಕ್ಕೆ ಹಾಕಿ ನನ್ನ ಮುಂದೆ ಹಿಡಿದಳು. ನೋಡಲು ಸೇಂದಿ, ಮೂಸಲೂ ಸೇಂದಿ. ಭಾವ ಇಲ್ಲಿ ಬಂದಿದ್ದರೆ? ಕೈಸನ್ನೆಯಲ್ಲಿ ಎತ್ತರ, ಮಂಕಿ ಕ್ಯಾಪು, ಮೀಸೆ ಎಲ್ಲ ತೋರಿಸಿದೆ. ಅವಳಿಗೆ ಅರ್ಥವಾಗಲಿಲ್ಲ. ಓಡಿದೆ. ಇಪ್ಪತ್ತಾರು ವರ್ಷ ಅಪಘಾತ, ಕೊಲೆ, ಗಣಿ ಮುಚ್ಚಿದ ದಿನ ಎಲ್ಲ ಕಂಡ ನನಗೆ, ಕೆರೆ ಏರಿಯ ತಿರುವಿನಲ್ಲಿ ಉರುಳಿದ್ದ ಹಾಲಿನ ಕ್ಯಾನೊಂದೇ ಕಣ್ಣ ಮುಂದೆ ಬರುತ್ತಿತ್ತು.

ಎಂಟೂವರೆಗೆ ಅವರು ಸಿಕ್ಕಿದರು. ನದಿಗೆ ಇಳಿಯುವ ಕಲ್ಲಿನ ಮೆಟ್ಟಿಲ ಮೇಲೆ, ಮಂಜಿನ ನಡುವೆ ಕೂತಿದ್ದರು. ಕಿವಿಗೆ ಫೋನ್. ಹತ್ತಿರ ಹೋಗಿ ಮೊದಲು ಅವರ ಉಸಿರಿನ ವಾಸನೆ ನೋಡಿದೆ. ಹಾಗೆ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಏನೂ ಇರಲಿಲ್ಲ.

"ಬಂದ ನೋಡು ನಿನ್ ತಮ್ಮ," ಎಂದು ಫೋನಿಗೆ ಹೇಳಿ, ಸ್ಪೀಕರ್ ಹಾಕಿ ಮೆಟ್ಟಿಲ ಮೇಲಿಟ್ಟರು. ಅಕ್ಕನಿಗೆ ಅವರು ತಾವಾಗಿಯೇ ಎಲ್ಲ ಹೇಳಿದ್ದರು.

"ಸಂಕ್ರ," ಎಂದಳು ಅಕ್ಕ. "ನಿನ್ನೆ ನಾನು ಗಂಟ್ಲು ಅಂತ ಕೇಳ್ದೆ. ಏನಂದೆ ನೀನು?"

"ಸರಿಯಾಗೈತೆ ಅಂದೆ."

"ಪೇಪರ್ನಾಗೂ ಇಂಗೇ ಬರೀತೀಯಾ?"

"ತಪ್ಪಾಯ್ತಕ್ಕ."

"ಆಯ್ತು. ಈಗ್ಲಾದ್ರೂ ಕಂಡಿದ್ದ ಯೋಳು. ಎಷ್ಟು?"

"ಒಂದು ಗುಟುಕು."

"ಇವ್ರೇ ಕೇಳಿ ಇಸ್ಕಂಡ್ರಾ?"

"ಇಲ್ಲ. ಆಯಮ್ಮನೇ ಕೊಟ್ರು. ಸತ್ತೋದ ಯಜಮಾನ್ರ ಎಸ್ರು ಯೋಳಿದ್ರು. ಭಾವ ಹನಿ ಬಿಟ್ಬುಟ್ರು."

"ಇನ್ನೊಂದ್ ಲೋಟ?"

"ಬಗ್ಸಕ್ ಬಂದ್ರು. ಭಾವ ಕೈ ಮುಚ್ಚಿದ್ರು."

ಫೋನಿನ ಆ ಕಡೆ ಒಂದು ಹಸು ಕೂಗಿತು. ಭಾವ ನೀರಿನ ಕಡೆಗೇ ನೋಡುತ್ತಿದ್ದರು.

"ಸತ್ತೋರ್ಗೆ ಬಿಟ್ಟಿದ್ದ ಉಗುಳಿ ಬಂದಿದ್ರೆ ನಾನು ಬಾಗ್ಲು ತೆಗೀತಿರ್ಲಿಲ್ಲ," ಎಂದಳು ಅಕ್ಕ ಕೊನೆಗೆ. "ಆದ್ರೆ ಆಣೆ ಅಂದ್ರೆ ಆಣೆನೇ. ಅನ್ನೊಂದ್ ವರ್ಷ ಓಯ್ತು. ಓದ್ರೆ ಓಗ್ಲಿ. ಇವತ್ತಿಗೆ ಒಂದ್ನೇ ದಿನ. ಊರಿಗ್ ಬಂದು ತಣ್ಣೀರ್ ಉಯ್ಕಂಡು ಇನ್ನೊಂದ್ಸಲ ಕರ್ಪೂರ ಆರಿಸ್ರಿ. ಅಲ್ಲೀಗಂಟ ಬಾಯಿಗೂ ಬ್ಯಾಡ. ಮೂಗಲ್ಲೇ ಏನ್ ತಿಳೀತದೋ ತಿಳ್ಕಳಿ."

"ಊಂ," ಎಂದರು ಭಾವ.

"ಏನು ಊಂ? ಬಾಯ್ಬಿಟ್ಟು ಯೋಳಿ."

"ಮೂಗಲ್ಲೇ ಕಣಮ್ಮ."

ಫೋನ್ ಇಟ್ಟ ಮೇಲೆ ನಾನೂ ಮೆಟ್ಟಿಲ ಮೇಲೆ ಕೂತೆ. ಕಲ್ಲು ಹಿಮದ ಹಾಗೆ ತಣ್ಣಗಿತ್ತು.

"ಅನ್ನೊಂದ್ ವರ್ಷಾನೂ ಒಂದೇ ಸಲ ಒರ್ಸಿ ಆಕ್ಬುಟ್ಳು," ಎಂದರು ಭಾವ. ಮಫ್ಲರ್ ಬಿಗಿ ಮಾಡಿಕೊಂಡು ಅಂದರು, "ಕುಡ್ದಾಗ ಏನೂ ಅನ್ನಿಸ್ಲಿಲ್ಲ ಕಣ್ಲಾ. ಆಮ್ಯಾಕೆ ಅದ್ರ ರುಚಿ ಬಾಯಿಂದ ಓಗ್ಲೇ ಇಲ್ಲ. ಬೆಳಕರಿಯೋ ಹೊತ್ಗೆ ನಿದ್ದೆ ಬರಲ್ಲ ಅಂತ ಗೊತ್ತಾಯ್ತು. ರೂಮ್ನಾಗೇ ಇದ್ದಿದ್ರೆ ಆ ಎದುರು ಅಂಗಡಿ ಬಾಗ್ಲು ತೆಗೆಯಾದ್ನೇ ಕಾಯ್ತಿದ್ದೆ. ಅದ್ಕೇ ಇಲ್ಲಿಗ್ ಬಂದು ಅವ್ಳಿಗೆ ಫೋನ್ ಮಾಡ್ದೆ."

"ನನ್ನನ್ನ ಎಬ್ಬಿಸಬೇಕಿತ್ತು."

"ನೀನ್ ಸರಿಯಾಗೈತೆ ಅಂದ್ಬುಟ್ಟಿದ್ದಲ್ಲ. ಇನ್ನೇನ್ ಎಬ್ಸೋದು?"

ಐದನೆಯ ದಿನ

ಕೊನೆಯ ದಿನ ಕಣಿವೆಯ ಬೆಳೆಗಾರರೆಲ್ಲ ಸೇರುವ ಉದ್ದನೆಯ ಹಜಾರದಲ್ಲಿ ಆರು ಲೋಟದ ಪಂಕ್ತಿ. ಯಾವುದು ಯಾರದೆಂದು ಚೀಟಿ ಇಲ್ಲ. ಮೂಸಿ, ಸವಿದು, ತೋಚಿದ್ದನ್ನು ಹೇಳಬೇಕು. ಭಾವ ಬಾಯಿಗೆ ಇಡುವುದಿಲ್ಲ ಎಂದು ಸೆಲ್ವಿ ತಿಳಿಸಿದಾಗ ಒಂದಿಬ್ಬರು ಹುಬ್ಬೇರಿಸಿದರು. ಇನ್ನೊಬ್ಬ ಎದ್ದು ಬಂದು ಒಂದು ಲೋಟ ನೀರನ್ನು ತಂದಿಟ್ಟು ಹೋಗಿ ಕೂತ. ಅವನ ಮುಂದೆಯೂ ನೀರೇ ಇತ್ತು. ಅವನೂ ಕುಡಿತ ಬಿಟ್ಟ ದ್ರಾಕ್ಷಿ ಬೆಳೆಗಾರನೇ ಎಂದು ಸೆಲ್ವಿ ಆಮೇಲೆ ಹೇಳಿದಳು.

ಭಾವ ಮಫ್ಲರ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು. ನಾನು ಹೇಳಿರಲಿಲ್ಲ.

ಮೊದಲನೆಯದಕ್ಕೆ "ಮಾವಿನ್ ಮಿಡಿ" ಎಂದರು. ಎರಡನೆಯದಕ್ಕೆ "ಹಳೇದು, ಸೀಮೆಎಣ್ಣೆ" ಎಂದರು, ಸರಿಯಾಗಿತ್ತು. ಮೂರನೆಯದರಲ್ಲಿ ಜೇನು ಎಂದದ್ದಕ್ಕೆ ಯಾರೂ ತಲೆಯಾಡಿಸಲಿಲ್ಲ. ನಾಲ್ಕನೆಯದರಲ್ಲೂ ಎಡವಿದರು. ನಾನು ಪಕ್ಕದಲ್ಲಿ ಕೂತು ಸವಿದೆ, ಉಗುಳಿದೆ. ಗುರಿ ತಪ್ಪಿ ಎರಡು ಸಲ ಅಂಗಿಯ ಮೇಲೆ ಬಿತ್ತು. ಕಾರ್ಖಾನೆಯವರಿಗೆ ಏನು ಹೇಳುತ್ತೀರಿ ಎಂದು ನಡುವೆ ಕೇಳಿದೆ. "ನಾಕ್ ಸಾಲು ನೆಟ್ಟು ನೋಡ್ತೀನಿ ಅಂತೀನಿ. ಚಳಿ ನಮ್ತಾವೂ ಐತೆ, ಆದ್ರೆ ಬಿಸ್ಲು ಇಂಗೆ ಮೆತ್ಗಿಲ್ಲ. ಅಪ್ಪಿತಪ್ಪಿ ಬಂದ್ರೆ ರಸ ಬ್ಯಾರೇದೇ ಇರ್ತದೆ," ಎಂದರು.

ಆರನೆಯ ಲೋಟವನ್ನು ಎತ್ತಿದವರು ಇಳಿಸಲಿಲ್ಲ. ಮೂಗು ಒಳಗಿಟ್ಟು ಕಣ್ಣು ಮುಚ್ಚಿದರು. ಹಜಾರದಲ್ಲಿ ಮಾತು ನಿಂತಿತ್ತು. ಇಲ್ಲಿ ಹಾಗೇ, ಯಾರೋ ಮೂಸುತ್ತಿದ್ದರೆ ಉಳಿದವರು ಸುಮ್ಮನಿರುತ್ತಾರೆ. ನನಗೆ ಕೈಚಾಚಿ ಲೋಟ ಕಿತ್ತುಕೊಳ್ಳಬೇಕೆನಿಸಿತು. ಮೇಜಿನಡಿ ಎರಡೂ ಕೈಗಳನ್ನು ಹೆಣೆದುಕೊಂಡು ಕೂತೆ.

ಭಾವನ ಗಂಟಲು ಏರಿತು, ಇಳಿಯಿತು. ಲೋಟ ಮೂಗಿನ ಬಳಿಯೇ ಇತ್ತು, ತುಟಿಗೆ ತಾಗಿರಲಿಲ್ಲ, ಒಳಗಿನ ರಸ ಹಾಕಿದಷ್ಟೇ ಇತ್ತು. ನುಂಗಿದ್ದು ಬರೀ ಎಂಜಲು.

"ಅವ್ವನ ಗುಡ್ಡದ್ದು," ಎಂದರು. ಸೆಲ್ವಿ ಕೇಳಿ ತಿಳಿದು, ಹೌದೆಂದು ತಲೆಯಾಡಿಸಿದಳು.

ಆ ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು, ಅಂಗೈಯಷ್ಟು ದೂರಕ್ಕೆ ತಳ್ಳಿ, ನೀರಿನ ಲೋಟ ಎತ್ತಿಕೊಂಡರು. ಗಟಗಟನೆ ಕುಡಿದರು. ಆಮೇಲೆ ನನ್ನ ಟಿಪ್ಪಣಿ ಪುಸ್ತಕದ ಕಡೆ ಗಲ್ಲ ಎತ್ತಿದರು.

"ಎರಡ್ನೇ ದಿನ. ಬರ್ಕಳ್ಲಾ."

ಬರೆದುಕೊಂಡೆ.